ಹನ್ನೊಂದನೇ ಬಿಲ್ಲೆ

ಬೀಗ ತೆರೆದುಕೊಂಡಿತು.

ಸಬ್ ಇನ್ಸ್‌ಪೆಕ್ಟರ್ ವೆಂಕಟೇಶಪ್ಪ ಅದಕ್ಕೆ ಹರಳೆಣ್ಣೆ ಬಿಟ್ಟು ಕಾಲು ಗಂಟೆ ಕಾದಿದ್ದ. ಬೀಗದ ಕೈಯನ್ನು ಎರಡು ಸಲ ಹಿಂದಕ್ಕೂ ಮುಂದಕ್ಕೂ ಆಡಿಸಿದ. ಮೂರನೇ ಸಲಕ್ಕೆ ಒಳಗೆಲ್ಲೋ ಕಟಕ್ಕೆಂದು ಸದ್ದಾಗಿ, ತುಕ್ಕು ಹಿಡಿದ ಕೊಂಡಿ ಒಂದು ಬೆರಳಷ್ಟು ಮೇಲೆದ್ದಿತು. ಮೂವತ್ನಾಲ್ಕು ವರ್ಷದಿಂದ ಅದನ್ನು ಯಾರೂ ತೆಗೆದಿರಲಿಲ್ಲ.

ಬೂದಿಕೋಟೆಯ ಆ ಕೊಟ್ಟಿಗೆಯಲ್ಲಿ ಇದ್ದದ್ದು ಅವನು, ಮನೆಯೊಡತಿ ಮುನಿರತ್ನಮ್ಮ, ಮತ್ತೆ ಅವಳ ಕರೀ ಹಸು. ಹಸುವನ್ನು ಕಟ್ಟುವ ಸರಪಳಿಯ ತುದಿಯಲ್ಲೇ ಆ ಬೀಗ ತೂಗುತ್ತಿತ್ತು.

"ತೆಗೀತಲ್ಲ ಸಾಮಿ!" ಎಂದಳು ಮುನಿರತ್ನಮ್ಮ. ಸೆಗಣಿ ಕೈ ಒರೆಸಿಕೊಳ್ಳುವುದೂ ಅವಳಿಗೆ ಮರೆತುಹೋಗಿತ್ತು. "ನಮ್ಮಮ್ಮ ಕಲ್ಲಲ್ಲಿ ಕುಟ್ಟಿ ನೋಡಿದ್ಲು, ಸುತ್ತಿಗೇಲಿ ಒಡ್ದು ನೋಡಿದ್ಲು. ಜಪ್ಪಯ್ಯ ಅನ್ಲಿಲ್ಲ. ಈ ಕೈ ನಿಮಗೆಲ್ಲಿ ಸಿಕ್ತು?"

"ಮೊದಲು ನೀನು ಹೇಳಕ್ಕ. ಬೀಗ ನಿಮ್ಮನೆಗೆ ಹೇಗೆ ಬಂತು?"

"ರೈಲು ಕಂಬಿ ಕಿತ್ತಾಕ್ದಾಗ ಬಂತು. ಕಂಬಿ ಕವಲಾಗೋ ಜಾಗದಲ್ಲಿ ಬಿದ್ದಿತ್ತಂತೆ, ಸರಪಳಿ ಸಮೇತ. ನಮ್ಮಪ್ಪ ದಿನಾ ಕೈಯಾರೆ ಆಕ್ತಿದ್ದ ಬೀಗ ಅಂತ ನಮ್ಮಮ್ಮ ಸೆರಗಲ್ಲಿ ಕಟ್ಕೊಂಡು ಬಂದ್ಲು."

ಬೂದಿಕೋಟೆಗೆ ಒಂದು ಕಾಲದಲ್ಲಿ ರೈಲಿತ್ತು ಅಂದರೆ ಈಗ, ಎಪ್ಪತ್ತೇಳನೇ ಇಸವಿಯಲ್ಲಿ, ನಂಬುವವರೇ ಕಡಿಮೆ. ಇತ್ತು, ನಿಜಕ್ಕೂ ಇತ್ತು. ಉರಿಗಾಂವರೆಗೆ ಎರಡೇ ಅಡಿ ಅಗಲದ ಕಂಬಿ. ಅಲ್ಲಿನ ಚಿನ್ನದ ಗಣಿಗೆ ಸೌದೆ ಸಾಗಿಸಲೆಂದು ಒಂದು ಖಾಸಗಿ ಕಂಪನಿ ನಲವತ್ತೊಂದರಲ್ಲಿ ಹಾಕಿಸಿತು. ಸೌದೆಯ ಹಿಂದೆಯೇ ಗಣಿಯ ಆಳುಗಳೂ ಹತ್ತತೊಡಗಿದರು. ನಲವತ್ಮೂರರ ಒಂದು ಮುಂಜಾನೆ ಗಾಡಿ ನೇರ ದಾರಿ ಬಿಟ್ಟು ಕವಲಿಗೆ ಹೊರಳಿ, ಕಲ್ಲು ಕ್ವಾರಿಯೊಳಕ್ಕೆ ಉರುಳಿತು. ಮುಂದಿನ ಡಬ್ಬಿಯಲ್ಲಿದ್ದವರು ಒಬ್ಬರೂ ಉಳಿಯಲಿಲ್ಲ, ಹನ್ನೊಂದು ಜನ. ಮೂರು ತಿಂಗಳಲ್ಲಿ ಕಂಬಿ ಕಿತ್ತು ಕಂಪನಿ ಊರು ಬಿಟ್ಟಿತು. ಈಗ ಉಳಿದಿರುವುದು ಸ್ಕೂಲಿನಲ್ಲಿ ಗಂಟೆ ಮಾಡಿ ತೂಗುಹಾಕಿದ ಒಂದು ತುಂಡು ಕಂಬಿ, ಮತ್ತೆ ಈ ಸರಪಳಿ.

ಅಪವಾದವೂ ಉಳಿದಿತ್ತು. ಕಂಬಿ ತಿರುಗಿಸುವ ಕವಲಿನ ಹಿಡಿಕೆಗೆ ಸರಪಳಿ ಬಿಗಿದು ಬೀಗ ಹಾಕಿ ಕಾಯುತ್ತಿದ್ದವನು ಮುನಿರತ್ನಮ್ಮನ ತಂದೆ ಸೊಣ್ಣಪ್ಪ. ಆ ದಿನದಿಂದ ಅವನು ಯಾರ ಕಣ್ಣಿಗೂ ಬೀಳಲಿಲ್ಲ. ಬೀಗ ಹಾಕುವುದು ಮರೆತು ಹನ್ನೊಂದು ಜನರನ್ನು ಕೊಂದು ಓಡಿಹೋದ ಎಂದು ಕಂಪನಿ ಬರೆದುಕೊಂಡಿತು. ಊರೂ ಹಾಗೇ ಆಡಿಕೊಂಡಿತು. ಸತ್ತವರ ಹನ್ನೊಂದು ಮನೆಗಳಲ್ಲಿ ಹತ್ತು ಮನೆಯವರು ಇವತ್ತಿಗೂ ಮುನಿರತ್ನಮ್ಮನ ಹಾಲು ಕೊಳ್ಳುವುದಿಲ್ಲ. ಒಂದು ಮನೆ ಮಾತ್ರ ಬೇರೆ. ಗಣಿಯ ಕುಲುಮೆಯಲ್ಲಿ ಉಳಿಗಳಿಗೆ ಹದ ಹಿಡಿಯುತ್ತಿದ್ದ ಬಚ್ಚಪ್ಪನ ಹೆಂಡತಿ ಅಕ್ಕಯ್ಯಮ್ಮ, ಮಗನ ಜತೆ ಬಂಗಾರಪೇಟೆಗೆ ಹೋದ ಮೇಲೂ, ತುಪ್ಪವನ್ನು ಇವಳಿಂದಲೇ ತರಿಸುತ್ತಿದ್ದಳು. ಗಂಡನನ್ನು ಕಳಕೊಂಡವಳಿಗೆ ಎಂಥ ದೊಡ್ಡ ಮನಸ್ಸು ಎಂದು ಅವಳ ಮಗ ಹೆಮ್ಮೆಪಟ್ಟುಕೊಂಡಿದ್ದ.

ಆ ಮಗನೇ ವೆಂಕಟೇಶಪ್ಪ. ತಂದೆ ಸತ್ತಾಗ ಅವನಿನ್ನೂ ವರ್ಷ ತುಂಬದ ಕೂಸು.

ಮುನಿರತ್ನಮ್ಮ ಠಾಣೆಗೆ ಬಂದದ್ದು ಎಂಟು ದಿನದ ಹಿಂದೆ. ಕ್ವಾರಿಯ ಹತ್ತಿರ ಸತ್ತವರ ನೆನಪಿಗೆ ಕಲ್ಲು ನೆಡುತ್ತಾರೆ, ಈ ಭಾನುವಾರ ಬೆಳಿಗ್ಗೆ. ಹನ್ನೊಂದು ಹೆಸರು ಕೊರೆದಾಗಿದೆ. ಮೇಲಿನ ಸಾಲು ಮಾತ್ರ ಬಾಕಿ. 'ಸೊಣ್ಣಪ್ಪನ ಅಲಕ್ಷ್ಯದಿಂದ ಪ್ರಾಣ ತೆತ್ತವರು' ಎಂಬ ಸಾಲು ಅದು. ಕಲ್ಲುಕುಟಿಗ ಆಂಜಿನಪ್ಪ ಶನಿವಾರ ಸಂಜೆ ಅದಕ್ಕೆ ಉಳಿ ಇಡುತ್ತಾನೆ.

"ಬಾಯಲ್ಲಿ ಅಂದಿದ್ದು ಗಾಳೀಗೆ ಓಗ್ತದೆ ಸಾಮಿ," ಎಂದು ಅವಳು ಠಾಣೆಯ ಬಾಗಿಲಲ್ಲಿ ನಿಂತು ಅತ್ತಿದ್ದಳು. "ಕಲ್ಲಲ್ಲಿ ಬರೆದ್ರೆ ನನ್ ಮೊಮ್ಮಕ್ಕಳೂ ಓದ್ತಾರೆ."

ಇವತ್ತು ಶುಕ್ರವಾರ. ವೆಂಕಟೇಶಪ್ಪನ ಕೈಯಲ್ಲಿ ಉಳಿದದ್ದು ಒಂದೂವರೆ ದಿನ.

"ಈ ಬೀಗದ ಕೈ ನಮ್ಮ ಠಾಣೆಯ ಹಳೇ ಗಂಟಿನಲ್ಲಿತ್ತಕ್ಕ," ಎಂದ. "ಆಸ್ಪತ್ರೆ ಪುಸ್ತಕದಲ್ಲೂ ಇದರ ಮಾತಿದೆ. ಹೆಣಗಳಿಗೆ ಹೆಸರಿಲ್ಲ, ಅಂಕಿ ಮಾತ್ರ. ಹನ್ನೊಂದನೇ ಹೆಣದ ಉಡುದಾರದಲ್ಲಿ ಒಂದು ಕಬ್ಬಿಣದ ಬೀಗದ ಕೈ. ವಾರಸುದಾರರು ಇದು ನಮ್ಮದಲ್ಲ ಅಂತ ಬಿಟ್ಟುಹೋದರು ಅಂತ ಬರೆದಿದ್ದಾರೆ."

ಅವನು ಸರಪಳಿಯನ್ನು ಕೈಯಿಂದ ಕೈಗೆ ದಾಟಿಸುತ್ತಾ ನೋಡುತ್ತಿದ್ದ. ನಡುವೆ ಒಂದು ಕಡೆ ತಂತಿ ಸುತ್ತಿತ್ತು.

"ಇದೇನಕ್ಕ?"

"ತಂದಾಗ್ಲೇ ಅಲ್ಲಿ ತುಂಡಾಗಿತ್ತು. ನಮ್ಮಮ್ಮ ತಂತಿ ಸುತ್ತಿದ್ಲು, ದನ ಕಟ್ಟೋಕೆ ಆಯ್ತದೆ ಅಂತ."

ವೆಂಕಟೇಶಪ್ಪ ತಂತಿ ಬಿಚ್ಚಿದ. ಒಳಗಿನ ಕೊಂಡಿ ಸವೆದು ಮುರಿದಿರಲಿಲ್ಲ, ಎಳೆದು ಹರಿದಿರಲಿಲ್ಲ. ಉಳಿ ಇಟ್ಟು ಒಂದೇ ಏಟಿಗೆ ಕಡಿದಿದ್ದರು. ಕಡಿದ ಬಾಯಿ ಇನ್ನೂ ನುಣ್ಣಗಿತ್ತು. ಇಂಥ ಕಬ್ಬಿಣಕ್ಕೆ ಒಳ್ಳೆ ಹದ ಹಿಡಿದ ಉಳಿಯೇ ಬೇಕು ಎಂದು ಅವನಿಗೆ ಅನ್ನಿಸಿತು. ಅದಕ್ಕಿಂತ ಮುಂದಕ್ಕೆ ಅವನು ಆಗ ಯೋಚಿಸಲಿಲ್ಲ.

"ನೋಡಕ್ಕ. ನಿಮ್ಮಪ್ಪ ಬೀಗ ಮರೆತಿರಲಿಲ್ಲ. ಹಾಕಿದ ಬೀಗ ಹಾಗೇ ಇತ್ತು. ಯಾರೋ ಸರಪಳಿ ಕಡಿದು ಹಿಡಿಕೆ ತಿರುಗಿಸಿದ್ದಾರೆ. ಬೀಗದ ಕೈ ಸೊಂಟದಲ್ಲೇ ಇದ್ದವನು ಸರಪಳಿ ಯಾಕೆ ಕಡೀತಾನೆ?"

"ಅಂಗಾರೆ ನಮ್ಮಪ್ಪ..."

"ಆ ಲೈನಿನಲ್ಲಿ ಇಂಜಿನ್ ತಿರುಗಿಸೋಕೆ ಜಾಗ ಇರಲಿಲ್ಲ. ಹೋಗುವಾಗ ಇಂಜಿನ್ ಹಿಂದಿನಿಂದ ತಳ್ಳುತ್ತಿತ್ತು, ಡಬ್ಬಿಗಳು ಮುಂದೆ. ಡ್ರೈವರಿಗೆ ಮುಂದಿನದು ಕಾಣ್ತಿರಲಿಲ್ಲ. ಬ್ರೇಕಿನ ಚಕ್ರ ಇದ್ದದ್ದು ಮುಂದಿನ ಡಬ್ಬಿಯಲ್ಲಿ. ಹನ್ನೊಂದನೇ ಹೆಣ ಸಿಕ್ಕಿದ್ದು ಆ ಚಕ್ರದ ಬುಡದಲ್ಲಿ."

ಸೊಣ್ಣಪ್ಪ ಓಡಿದ್ದು ನಿಜ. ಬರುತ್ತಿದ್ದ ಗಾಡಿಯ ಕಡೆಗೇ ಓಡಿದ್ದ.

ಮುನಿರತ್ನಮ್ಮ ಅಲ್ಲೇ ಮಂಕರಿಯ ಪಕ್ಕ ಕುಕ್ಕರಿಸಿದಳು. ಅಳುತ್ತಾಳೆ ಅಂದುಕೊಂಡ, ಅಳಲಿಲ್ಲ. ತೆರೆದ ಬೀಗವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ತಲೆಯೆತ್ತಿದಳು.

"ಅಲ್ಲ ಸಾಮಿ, ನಮ್ಮಪ್ಪಂಗೆ ಯಾರ ಎಸ್ರಲ್ಲಿ ಮಣ್ಣಾಕುದ್ರು?"

ವೆಂಕಟೇಶಪ್ಪ ಸರಪಳಿಯನ್ನು ಸುತ್ತಿ ಎತ್ತಿಕೊಂಡ. ಎಂಟು ದಿನದಿಂದ ಅವನು ಕೇಳಿಕೊಳ್ಳದೆ ಬಿಟ್ಟಿದ್ದ ಪ್ರಶ್ನೆ ಅದೇ.

ಸಂಜೆ ನಾಲ್ಕಕ್ಕೆ ಅವನ ಮೋಟಾರ್ ಸೈಕಲ್ ಉರಿಗಾಂನ ಹಳೇ ಕ್ವಾರ್ಟರ್ಸ್ ಮುಂದೆ ನಿಂತಿತು. ಆ ಕಾಲದಲ್ಲಿ ಗಾಡಿಯಲ್ಲಿ ಬಿಲ್ಲೆ ಗುಮಾಸ್ತರಾಗಿದ್ದ ಸುಬ್ಬರಾಯಪ್ಪನವರು ಈಗ ಸ್ಮಾರಕ ಸಮಿತಿಯ ಅಧ್ಯಕ್ಷರು. ಎಪ್ಪತ್ತು ದಾಟಿದರೂ ಬೆನ್ನು ಬಾಗಿರಲಿಲ್ಲ.

"ಬನ್ನಿ ಇನ್ಸ್‌ಪೆಕ್ಟರೇ. ಶಾಂತಾ, ಕಾಫಿ ತಾ."

"ಆಮೇಲಾಗಲಿ ಯಜಮಾನರೇ. ಆ ದಿನ ನಿಮ್ಮ ಚೀಲಕ್ಕೆ ಎಷ್ಟು ಬಿಲ್ಲೆ ಬಿದ್ದವು?"

"ಐವತ್ತೆರಡು." ಕೇಳಿದ್ದೇ ತಡ, ಉತ್ತರ ಬಂತು. "ಬದುಕಿದ ನಲವತ್ತೊಂದು ಜನ ವಾಪಸು ತಗೊಂಡರು. ಉಳಿದವು ಹನ್ನೊಂದು. ಹೆಣಗಳೂ ಹನ್ನೊಂದು. ವಿಚಾರಣೆಯಲ್ಲಿ ಇದನ್ನೇ ಹೇಳಿದ್ದೀನಿ."

ಗಣಿಯ ಪ್ರತಿ ಆಳಿಗೂ ನಂಬರು ಒತ್ತಿದ ಒಂದು ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ಅದು ಟೈಮ್ ಆಫೀಸು ಸೇರಿದರೆ ಆಳು ಬಂದ ಎಂದು ಅರ್ಥ. ಗೇಟಿನಲ್ಲಿ ನೂಕುನುಗ್ಗಲು ತಪ್ಪಲೆಂದು ಗಾಡಿಯಲ್ಲೇ ಚೀಲ ಹಿಡಿದು ಬಿಲ್ಲೆ ಕೂಡಿಸುವ ಪದ್ಧತಿ ಮಾಡಿದ್ದರು. ಮುಖ ಗುರುತು ಸಿಗದ ಹೆಣಗಳ ಮುಂದೆ ನಿಂತಾಗ ಎಲ್ಲರೂ ನಂಬಿದ್ದು ಆ ಚೀಲವನ್ನೇ. ವಾರಸುದಾರರಿಲ್ಲದ ಹನ್ನೊಂದು ಬಿಲ್ಲೆ, ಹನ್ನೊಂದು ಹೆಣ. ಅವನ್ನು ಹನ್ನೊಂದು ಮನೆಗೆ ಕೊಟ್ಟರು. ವೆಂಕಟೇಶಪ್ಪನ ಮನೆಯ ದೇವರ ಗೂಡಿನಲ್ಲೂ ಒಂದಿದೆ. ಅವನ ತಾಯಿ ಪ್ರತಿ ಶುಕ್ರವಾರ ಅದನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆಯುತ್ತಾಳೆ.

ಅವನು ಬೀಗದ ಕೈಯನ್ನೂ ಸರಪಳಿಯನ್ನೂ ಮೇಜಿನ ಮೇಲಿಟ್ಟ. ಬೆಳಗಿನಿಂದ ಆದದ್ದನ್ನು ನಾಲ್ಕೇ ಮಾತಿನಲ್ಲಿ ಹೇಳಿದ.

"ಹನ್ನೊಂದನೇ ಹೆಣ ಸೊಣ್ಣಪ್ಪನದು. ಅವನು ಗಣಿಯ ಆಳಲ್ಲ, ಅವನಿಗೆ ಬಿಲ್ಲೆ ಇರಲಿಲ್ಲ. ಅಂದಮೇಲೆ ಒಂದು ಬಿಲ್ಲೆ ಹೆಚ್ಚಾಯ್ತು ಯಜಮಾನರೇ. ಚೀಲದಲ್ಲಿ ಬಿಲ್ಲೆ ಇದೆ, ಗಾಡಿಯಲ್ಲಿ ಆಳಿಲ್ಲ. ಅದು ಯಾರದು?"

ಶಾಂತಮ್ಮ ಕಾಫಿ ತಂದಿಟ್ಟು ಒಳಗೆ ಹೋದರು. ಸುಬ್ಬರಾಯಪ್ಪನವರು ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಮೂವತ್ನಾಲ್ಕು ವರ್ಷ ಆಯ್ತು. ಈಗ ಕೆದಕಿ ಯಾರಿಗೇನು ಲಾಭ?"

"ಒಬ್ಬರ ಬಿಲ್ಲೆ ಇನ್ನೊಬ್ಬರು ಹಾಕೋದು ಇತ್ತಾ?"

"ಎಲ್ಲಿರಲಿಲ್ಲ ಹೇಳಿ! ಒಬ್ಬನಿಗೆ ತಡವಾದರೆ ಪಕ್ಕದ ಮನೆಯವನು ಅವನ ಬಿಲ್ಲೆ ಹಾಕೋನು. ಅವನು ಆಮೇಲೆ ನಡಕೊಂಡೋ ಸೈಕಲ್ಲಿನಲ್ಲೋ ಬರೋನು. ನನಗೂ ಗೊತ್ತಿತ್ತು, ಮೇಲಿನವರಿಗೂ ಗೊತ್ತಿತ್ತು. ವಿಚಾರಣೆಯಲ್ಲಿ ಬಾಯಿಬಿಟ್ಟರೆ ಕೆಲಸ ಹೋಗ್ತಿತ್ತು. ಎಲ್ಲರೂ ಸುಮ್ಮನಾದರು."

"ಆ ದಿನ ಹಾಗೆ ಯಾರದ್ದು ಬಂತು?"

"ಜ್ಞಾಪಕವಿಲ್ಲ."

"ಐವತ್ತೆರಡು ಬಿಲ್ಲೆ ಬಾಯಿಪಾಠ ಇದೆ. ಇದೊಂದು ಜ್ಞಾಪಕವಿಲ್ಲವಾ?" ವೆಂಕಟೇಶಪ್ಪನ ದನಿ ತನಗೇ ಗೊತ್ತಿಲ್ಲದೆ ಏರಿತು. "ಮುನಿರತ್ನಮ್ಮನಿಗೆ ಆಗ ಆರು ವರ್ಷ. ಕೊಲೆಗಾರನ ಮಗಳು ಅನ್ನಿಸಿಕೊಂಡು ದೊಡ್ಡವಳಾದಳು. ಅವಳ ತಾಯಿ ಅದೇ ಕೊರಗಲ್ಲಿ ಸತ್ತಳು. ನಾಡಿದ್ದು ನಿಮ್ಮ ಕೈಯಿಂದಲೇ ಆ ಕಲ್ಲಿಗೆ ಹೂವು ಹಾಕ್ತೀರಿ. ರಾತ್ರಿ ನಿದ್ದೆ ಬರುತ್ತಾ ನಿಮಗೆ?"

ಮುದುಕರು ಸರಪಳಿಯ ಕಡಿದ ಬಾಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ವೆಂಕಟೇಶಪ್ಪನ ಮುಖ ನೋಡಲಿಲ್ಲ. ಬಂದಾಗಿನಿಂದಲೂ ಅವರು ತನ್ನ ಮುಖ ನೋಡಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು.

"ಗಾಡಿ ಹೊರಟಾಗಿತ್ತು," ಎಂದರು ಕೊನೆಗೆ. "ಒಬ್ಬ ಹೆಣ್ಣುಮಗಳು ಪಕ್ಕದಲ್ಲೇ ಓಡಿ ಬಂದಳು. ಸೊಂಟದಲ್ಲಿ ಕೂಸು. ಕಿಟಕಿಯಿಂದ ಬಿಲ್ಲೆ ಕೊಟ್ಟಳು. 'ಇಂದೇನೇ ಬತ್ತಾವ್ರೆ, ಕೊನೇ ಡಬ್ಬಿ ಅತ್ಕೊಂತಾರೆ' ಅಂದಳು. ನಾನು ಚೀಲಕ್ಕೆ ಹಾಕಿಕೊಂಡೆ. ಕೊನೇ ಡಬ್ಬಿಯಲ್ಲಿದ್ದವನು ನಾನೇ. ಯಾರೂ ಹತ್ತಲಿಲ್ಲ."

"ಇದನ್ನ ವಿಚಾರಣೆಯಲ್ಲಿ ಹೇಳಬೇಕಾಗಿತ್ತು."

"ಹೇಳೋಣಾಂತಲೇ ಇದ್ದೆ. ದೇವರಾಣೆಗೂ ಇದ್ದೆ. ಸಂಜೆ ಅವಳೇ ಬಂದಳು, ಹೆಣಗಳನ್ನು ಸಾಲಾಗಿ ಮಲಗಿಸಿದ್ದ ಜಾಗಕ್ಕೆ. ಹತ್ತು ಹೆಣಕ್ಕೆ ಅವರವರ ಮನೆಯವರು ಬಂದು ಅಳ್ತಿದ್ದರು. ಹನ್ನೊಂದನೇದಕ್ಕೆ ಯಾರೂ ಇರಲಿಲ್ಲ. ಇವಳು ಹೋಗಿ ಅದರ ಕಾಲ ಹತ್ತಿರ ಕೂತಳು. ಪಾದ ಮುಟ್ಟಿದಳು. 'ನಮ್ಮೋರೇ' ಅಂದಳು. ಸೊಂಟದಲ್ಲಿದ್ದ ಬೀಗದ ಕೈ ತೋರಿಸಿದಾಗ ಮಾತ್ರ ಇದು ನಮ್ಮದಲ್ಲ ಅಂದಳು. ಹೆಂಡತಿಯೇ ಗುರುತು ಹೇಳಿದ ಮೇಲೆ ನಾನ್ಯಾರು ಅಲ್ಲ ಅನ್ನೋಕೆ? ಅಲ್ಲಿಗೆ ಲೆಕ್ಕ ಸರಿಹೋಯ್ತು. ನನಗೂ ಅದೇ ಬೇಕಾಗಿತ್ತು. ನಾನು ಹೇಡಿ."

"ಬಿಲ್ಲೆಯ ನಂಬರು ಹೇಳಿ."

"ಬೇಡಪ್ಪ."

"ಹೇಳಿ ಯಜಮಾನರೇ."

"ನೀನು ಈ ಕೇಸಿಗೆ ಕೈ ಹಾಕಿದೆ ಅಂತ ಗೊತ್ತಾದ ದಿನವೇ ಬಂದು ಬೇಡ ಮಗು ಅನ್ನೋಣ ಅಂದುಕೊಂಡೆ. ಕಾಲು ಬರಲಿಲ್ಲ." ಸುಬ್ಬರಾಯಪ್ಪನವರು ಮೊದಲ ಸಲ ಅವನ ಮುಖ ನೋಡಿದರು. ಕಣ್ಣು ತುಂಬಿತ್ತು. "ನಾನೂರ ಹದಿನೇಳು."

ಕಾಫಿಯ ಮೇಲೆ ಕೆನೆ ಕಟ್ಟಿತ್ತು. ವೆಂಕಟೇಶಪ್ಪ ಅದನ್ನೇ ನೋಡುತ್ತಾ ಕೂತ. ಆ ನಂಬರನ್ನು ಯಾರೂ ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಸ್ಲೇಟು ಹಿಡಿಯುವ ಮೊದಲೇ ಅವನು ಕಲಿತ ಅಂಕಿಗಳು ನಾಲ್ಕು, ಒಂದು, ಏಳು. ದೇವರ ಗೂಡಿನ ಮುಂದೆ ತಾಯಿಯ ತೊಡೆಯ ಮೇಲೆ ಕೂತು, ಹಿತ್ತಾಳೆಯ ಮೇಲೆ ಬೆರಳಾಡಿಸಿ ಕಲಿತದ್ದು.

ಸೊಂಟದಲ್ಲಿದ್ದ ಕೂಸು ತಾನೇ.

ಬಂಗಾರಪೇಟೆಗೆ ಹೇಗೆ ಬಂದನೋ ಅವನಿಗೇ ತಿಳಿಯಲಿಲ್ಲ. ಕೋರಮಂಡಲ್ ಗಣಿ ದಾಟುವಾಗ ಶಿಫ್ಟು ಬಿಟ್ಟ ಆಳುಗಳು ರಸ್ತೆ ತುಂಬ ಬರುತ್ತಿದ್ದರು. ಹಾರ್ನ್ ಮಾಡಲೂ ತೋಚದೆ ಕಾಲೂರಿ ನಿಂತ. ಹೋದವರಲ್ಲಿ ಮುದುಕರೂ ಇದ್ದರು. ಒಬ್ಬೊಬ್ಬರ ಮುಖವನ್ನೂ ನೋಡತೊಡಗಿದ. ಯಾಕೆ ನೋಡುತ್ತಿದ್ದೇನೆ ಎಂದು ಅರ್ಥವಾದೊಡನೆ ಅವನಿಗೆ ಭಯವಾಯಿತು.

ಹದ ಹಿಡಿದ ಉಳಿ. ಒಂದೇ ಏಟು. ಕುಲುಮೆಯ ಬಚ್ಚಪ್ಪನ ಕೈಯ ಉಳಿಗೆ ಗಣಿಯಲ್ಲೇ ಸಾಟಿಯಿರಲಿಲ್ಲ ಎಂದು ಊರಿನ ಹಿರಿಯರು ಅವನಿಗೆ ಎಷ್ಟು ಸಲ ಹೇಳಿದ್ದರು! ಆಗೆಲ್ಲ ಅವನ ಎದೆ ಉಬ್ಬುತ್ತಿತ್ತು.

ಇಲ್ಲ, ಎಂದುಕೊಂಡ. ಆ ದಿನ ಅಪ್ಪ ಜ್ವರ ಬಂದು ಮಲಗಿರಬಹುದು. ಬೇರೆ ಏನೋ ಇರಬಹುದು. ಎಂಟು ದಿನದಿಂದ ಊರೆಲ್ಲ ಅಡ್ಡಾಡಿ, ಕಂಡವರನ್ನೆಲ್ಲ ಗದರಿಸಿ ಪ್ರಶ್ನೆ ಕೇಳಿದ ಪೊಲೀಸಿನವನಿಗೆ ಈಗ ತನ್ನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡಲು ಧೈರ್ಯ ಸಾಲಲಿಲ್ಲ.

ಅಕ್ಕಯ್ಯಮ್ಮ ದೀಪ ಹಚ್ಚಿ, ನಡುಮನೆಯಲ್ಲಿ ಕಾಲು ನೀಡಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ನಾಳೆ ಅಮಾವಾಸ್ಯೆ. ಪ್ರತಿ ಅಮಾವಾಸ್ಯೆಗೂ ಮುದ್ದೆ, ಸೊಪ್ಪಿನ ಸಾರು ಕ್ಯಾರಿಯರಿಗೆ ತುಂಬಿಕೊಂಡು ಕೋರಮಂಡಲ್‌ನ ಮಾರಿಯಮ್ಮನ ಗುಡಿಗೆ ಹೋಗುವುದು ಅವಳ ಹರಕೆ. ಮಗ ಹುಟ್ಟಿದಾಗಿನಿಂದ ಬಂದದ್ದು ಎನ್ನುತ್ತಿದ್ದಳು. ಒಂದು ತಿಂಗಳೂ ತಪ್ಪಿಸಿದವಳಲ್ಲ, ಜ್ವರ ಬಂದರೂ ಹೋಗುವಳು. ಜತೆಗೆ ಬರುತ್ತೀನಿ ಅಂದರೆ ಮಾತ್ರ ಬೇಡ ಅನ್ನುವಳು.

"ಯಾಕ್ಲಾ, ಮಖ ಅಂಗೈತೆ? ಉಂಡ್ಯಾ?"

ಅವನು ಸರಪಳಿಯನ್ನು ಅವಳ ಮುಂದೆ ಇಟ್ಟ.

ಅಕ್ಕಯ್ಯಮ್ಮ ಇದೇನು ಎಂದು ಕೇಳಲಿಲ್ಲ. ಎಲ್ಲಿಂದ ತಂದೆ ಎಂದೂ ಕೇಳಲಿಲ್ಲ. ಸೊಪ್ಪನ್ನು ಪಕ್ಕಕ್ಕೆ ಸರಿಸಿ ಕೈ ಚಾಚಿದಳು. ಅವಳ ಬೆರಳು ಹುಡುಕಾಡದೆ ನೇರವಾಗಿ ಕಡಿದ ಕೊಂಡಿಯ ಮೇಲೆ ಹೋಗಿ ನಿಂತಿತು.

"ಅಮ್ಮ, ಸೊಣ್ಣಪ್ಪ ಓಡಿಹೋಗಿರಲಿಲ್ಲ. ಗಾಡಿ ನಿಲ್ಲಿಸೋಕೆ ಹೋಗಿ ಸತ್ತ. ಅಪ್ಪಂದು ಅಂತ ನೀನು ಕಾಲು ಮುಟ್ಟಿದ ಹೆಣ ಅವನದು."

"ಮುನಿರತ್ನಂಗೆ ಏಳಿದ್ಯಾ?"

"ಅವಳಪ್ಪ ಗಾಡಿಯಲ್ಲೇ ಸತ್ತದ್ದು ಗೊತ್ತಾಗಿದೆ. ಯಾರ ಹೆಸರಲ್ಲಿ ಮಣ್ಣಾಯ್ತು ಅನ್ನೋದು ಗೊತ್ತಾಗಿಲ್ಲ. ಅವಳು ಕೇಳಿದಳು. ನಾನು ಹೇಳಬೇಕು."

"ಔದು, ಏಳ್ಬೇಕು." ಅಕ್ಕಯ್ಯಮ್ಮನ ದನಿ ನಡುಗಲಿಲ್ಲ. "ಮೂವತ್ನಾಲ್ಕು ವರ್ಸ ಆ ಮಗೀನ ಮನೆ ತುಪ್ಪ ತಿಂದಿದ್ದೀನಿ. ಒಂದು ತುತ್ತೂ ಗಂಟಲಲ್ಲಿ ಇಳೀಲಿಲ್ಲ ಕಣ್ಲಾ."

ವೆಂಕಟೇಶಪ್ಪನಿಗೆ ಅಳು ಬಂತು. ತಾಯಿಯ ಬರಿಗೈ, ಬರಿಹಣೆ ನೋಡಿ ಬೆಳೆದವನು ಅವನು. ಆ ಹಣೆಯನ್ನು ನೋಡಿಯೇ, ಸೊಣ್ಣಪ್ಪನನ್ನು ಕಂಡರೆ ಕೊಲ್ಲುತ್ತೇನೆ ಎಂದು ಚಿಕ್ಕಂದಿನಲ್ಲಿ ಆಣೆ ಇಟ್ಟಿದ್ದ. ಅದನ್ನೆಲ್ಲ ಈಗ ಯಾರ ಮೇಲೆ ಹಾಕಬೇಕೋ ಅವನಿಗೆ ತಿಳಿಯಲಿಲ್ಲ.

"ನಾಳೆ ಸಂಜೆ ಆಂಜಿನಪ್ಪ ಕೊರೆಯೋಕೆ ಕೂರ್ತಾನೆ," ಎಂದ, ಕಷ್ಟಪಟ್ಟು. "ಅದಕ್ಕೆ ಮುಂಚೆ ಮೇಲಿನ ಸಾಲು ಬೇಡ ಅನ್ನಿಸ್ತೀನಿ. ಬಚ್ಚಪ್ಪ ಅನ್ನೋ ಹೆಸರು ತೆಗೆಸಿ ಸೊಣ್ಣಪ್ಪ ಅಂತ ಬರೆಸ್ತೀನಿ. ನಾನು ಬರೆಸಲೇಬೇಕಮ್ಮ."

"ಬರೆಸು."

ಅವಳು ಗೋಡೆ ಹಿಡಿದು ಎದ್ದಳು. ದೇವರ ಗೂಡಿನಿಂದ ಬಿಲ್ಲೆಯನ್ನು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅಡುಗೆಮನೆಗೆ ಹೋಗಿ, ತೊಳೆದು ಬೋರಲು ಹಾಕಿದ್ದ ಕ್ಯಾರಿಯರನ್ನು ತಂದು ಅವನ ಕಾಲ ಬಳಿ ಇಟ್ಟಳು.

"ನಾಳೆ ನೀನೂ ಬಾ ನನ್ ಜತೆ," ಎಂದಳು. "ಕಲ್ಲಿಂದ ಎಸ್ರು ತೆಗ್ಸೋಕ್ ಮುಂಚೆ ಆ ಎಸ್ರಿನೋರ್ನೂ ಒಂದು ಮಾತು ಕೇಳ್ಬೇಡ್ವೇನ್ಲಾ?"